ಹರಿಯುವ ಮುನ್ನ ಹೇಳುವ ಹಗ್ಗ

ಮಳೆಗಾಲದ ಕಾಡುದಾರಿಯಲ್ಲಿ ಜೀಪೊಂದು ಅಚ್ಚಿನವರೆಗೂ ಕೆಸರಿನಲ್ಲಿ ಹೂತಿದೆ. ಹತ್ತು ಜನ ನೂಕಿದರೂ ಅಲುಗದು. ಆಗ ಚಾಲಕ ಮುಂದಿನ ಬಂಪರಿನಲ್ಲಿರುವ ಚಿಕ್ಕ ಯಂತ್ರದಿಂದ ಹಗ್ಗ ಬಿಡಿಸಿ, ಎದುರಿನ ದಪ್ಪ ಮರಕ್ಕೆ ಅಗಲವಾದ ಪಟ್ಟಿ ಸುತ್ತಿ, ಅದಕ್ಕೆ ಹಗ್ಗದ ಕೊಕ್ಕೆ ಸಿಕ್ಕಿಸುತ್ತಾನೆ. ಗುಂಡಿ ಒತ್ತಿದೊಡನೆ ಉರುಳೆ ತಿರುಗಿ ಹಗ್ಗವನ್ನು ಸುತ್ತಿಕೊಳ್ಳತೊಡಗುತ್ತದೆ. ಜೀಪು ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ. ವಿಂಚ್ ಎಂಬ ಯಂತ್ರದ ಕೆಲಸ ಇಷ್ಟೇ.

ನೋಡುವವರ ಕಣ್ಣೆಲ್ಲ ಜೀಪಿನ ಮೇಲಿರುತ್ತದೆ. ಅನುಭವಿ ಚಾಲಕನ ಕಣ್ಣು ಮಾತ್ರ ಹಗ್ಗದ ಮೇಲೆ. ಟನ್ನುಗಟ್ಟಲೆ ಭಾರಕ್ಕೆ ಬಿಗಿದ ಉಕ್ಕಿನ ಹಗ್ಗ ತುಂಡಾದರೆ ಚಾಟಿಯಂತೆ ಹಿಂದಕ್ಕೆ ಹಾರುತ್ತದೆ. ಅದರ ದಾರಿಯಲ್ಲಿ ನಿಂತವರ ಕೈಕಾಲು ಮುರಿಯುವುದಷ್ಟೇ ಅಲ್ಲ, ಪ್ರಾಣವೇ ಹೋಗಬಹುದು. ಹಾಗಿದ್ದರೆ ಹಗ್ಗ ಹರಿಯುವ ಮೊದಲೇ ಅದರ ಸ್ಥಿತಿ ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ವಾಹನಗಳ ಲೋಕದಲ್ಲಲ್ಲ. ಸುಮಾರು ಎರಡು ಶತಮಾನಗಳ ಹಿಂದೆ, ಜರ್ಮನಿಯ ಒಂದು ಗಣಿಯಲ್ಲಿ.

ಹಳೆಯ ಉಪಾಯ

ಉರುಳೆಗೆ ಹಗ್ಗ ಸುತ್ತಿ ಭಾರ ಎಳೆಯುವುದು ಬಹಳ ಹಳೆಯ ಉಪಾಯ. ಕ್ರಿಸ್ತಪೂರ್ವ 480ರಲ್ಲಿ ಪರ್ಷಿಯದ ದೊರೆ ಕ್ಸರ್ಕ್ಸಿಸ್ ಗ್ರೀಸಿನ ಮೇಲೆ ದಂಡೆತ್ತಿ ಹೋದಾಗ ಹೆಲೆಸ್ಪಾಂಟ್ ಜಲಸಂಧಿಗೆ ಅಡ್ಡಲಾಗಿ ದೋಣಿಗಳ ಸೇತುವೆ ಕಟ್ಟಿಸಿದ. ಅದರ ದಪ್ಪ ಹಗ್ಗಗಳನ್ನು ಮರದ ಉರುಳೆಗಳಿಂದ ಬಿಗಿಗೊಳಿಸಲಾಯಿತೆಂದು ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಹಡಗುಗಳ ಲಂಗರು, ಬಂದರುಗಳ ಸರಕು, ಕೋಟೆ ಕಟ್ಟುವ ಕಲ್ಲು ಎಲ್ಲವನ್ನೂ ಎತ್ತಿದ್ದು ಇದೇ ಉಪಾಯ. ನಮ್ಮ ಹಳ್ಳಿಯ ಬಾವಿಯ ರಾಟೆಯೂ, ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆಯೂ ಇದರ ಹತ್ತಿರದ ನೆಂಟರೇ.

ಸಾವಿರಾರು ವರ್ಷ ಈ ಯಂತ್ರಗಳ ಹಗ್ಗವೆಂದರೆ ನಾರಿನ ಹಗ್ಗವೇ. ಗಣಿಗಳು ಆಳವಾದಾಗ ತೊಂದರೆ ಶುರುವಾಯಿತು. ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ಬೆಳ್ಳಿ ಮತ್ತು ಸೀಸದ ಗಣಿಗಳು 19ನೇ ಶತಮಾನದ ಆರಂಭಕ್ಕೆ ನೂರಾರು ಮೀಟರ್ ಆಳಕ್ಕಿಳಿದಿದ್ದವು. ಗಣಿಯ ತೇವದಲ್ಲಿ ನಾರಿನ ಹಗ್ಗ ಕೊಳೆಯುತ್ತಿತ್ತು. ಅದರ ಬದಲು ಕಬ್ಬಿಣದ ಸರಪಳಿ ಬಂತು. ಸರಪಳಿ ಕೊಳೆಯಲಿಲ್ಲ, ಆದರೆ ಇನ್ನೊಂದು ರೀತಿಯಲ್ಲಿ ಮೋಸ ಮಾಡಿತು. ನಿನ್ನೆ ಭಾರ ಎತ್ತಿದ ಸರಪಳಿ ಇಂದು ಅದೇ ಭಾರಕ್ಕೆ, ಯಾವ ಸೂಚನೆಯೂ ಇಲ್ಲದೆ ತುಂಡಾಗುತ್ತಿತ್ತು. ನೂರಾರು ಕೊಂಡಿಗಳಲ್ಲಿ ಒಂದು ಮುರಿದರೆ ಸಾಕು, ಇಡೀ ಭಾರ ಗಣಿಯ ತಳಕ್ಕೆ.

ಲೋಹಕ್ಕೂ ದಣಿವು

ಕ್ಲಾಸ್ತಾಲ್ ಪಟ್ಟಣದಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿ ಇದ್ದ. ಕಾನೂನು ಓದಿದ ಈತ 1829ರ ಸುಮಾರಿಗೆ ಸರಪಳಿಗಳನ್ನು ಪರೀಕ್ಷೆಗೆ ಒಡ್ಡಿದ. ಅವನ್ನು ಒಮ್ಮೆಲೇ ಜಗ್ಗಿ ಮುರಿಯುವುದು ಅವನ ಉದ್ದೇಶವಾಗಿರಲಿಲ್ಲ. ಅದೇ ಭಾರವನ್ನು ಮತ್ತೆ ಮತ್ತೆ ಹೇರಿ ಇಳಿಸುವ ಯಂತ್ರವನ್ನೇ ಮಾಡಿಸಿದ. ಒಂದು ಸಲಕ್ಕೆ ಸುಲಭವಾಗಿ ತಾಳುವ ಭಾರವೇ ಸಾವಿರಾರು ಸಲ ಬಿದ್ದಾಗ ಕಬ್ಬಿಣ ಸೋಲುತ್ತದೆಂಬುದು ಇದರಿಂದ ತಿಳಿಯಿತು. ಇಂದು ಎಂಜಿನಿಯರುಗಳು ಲೋಹದ ದಣಿವು ಎಂದು ಕರೆಯುವ ಸಂಗತಿಯ ಮೊದಲ ದಾಖಲಿತ ಅಧ್ಯಯನ ಇದೇ.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಸರಪಳಿಯ ದೋಷ ಅದರ ಸ್ವಭಾವದಲ್ಲೇ ಇದೆ. ಪ್ರತಿ ಕೊಂಡಿಯೂ ಇಡೀ ಭಾರವನ್ನು ಒಂಟಿಯಾಗಿ ಹೊರಬೇಕು. ಹಾಗಿಲ್ಲದೆ ಅನೇಕ ತಂತಿಗಳು ಭಾರ ಹಂಚಿಕೊಂಡರೆ? ಆಲ್ಬರ್ಟ್ ಮೂರೂವರೆ ಮಿಲಿಮೀಟರ್ ದಪ್ಪದ ನಾಲ್ಕು ತಂತಿಗಳನ್ನು ಹೊಸೆದು ಒಂದು ಎಳೆ ಮಾಡಿಸಿದ. ಅಂಥ ಮೂರು ಎಳೆಗಳನ್ನು ಸೇರಿಸಿ ಹೊಸೆದಾಗ ಹಗ್ಗವಾಯಿತು. 1834ರ ಜುಲೈ ತಿಂಗಳಲ್ಲಿ ಕ್ಲಾಸ್ತಾಲಿನ ಕ್ಯಾರೊಲೈನ್ ಗಣಿಯಲ್ಲಿ ಇದು ಕೆಲಸಕ್ಕೆ ಇಳಿಯಿತು.

ಈ ಹಗ್ಗದ ಗುಟ್ಟು ಹೊಸೆತದಲ್ಲಿದೆ. ಒಂದು ತಂತಿ ಕಡಿದರೆ ಉಳಿದವು ಆ ಜಾಗದಲ್ಲಿ ಅದರ ಪಾಲನ್ನು ಹೊರುತ್ತವೆ. ಅಕ್ಕಪಕ್ಕದ ತಂತಿಗಳ ಬಿಗಿತದಿಂದಾಗಿ, ಕಡಿದ ತಂತಿಯೂ ಸ್ವಲ್ಪ ದೂರದಲ್ಲಿ ಮತ್ತೆ ಭಾರಕ್ಕೆ ಹೆಗಲು ಕೊಡುತ್ತದೆ. ಅಷ್ಟರಲ್ಲಿ ಕಡಿದ ತುದಿ ಮುಳ್ಳಿನಂತೆ ಹೊರಗೆ ಚಾಚಿಕೊಳ್ಳುತ್ತದೆ. ನೋಡುವವರಿಗೆ ಅದೇ ಎಚ್ಚರಿಕೆ. ಸರಪಳಿ ಹೇಳದೆ ಮುರಿಯುತ್ತಿತ್ತು. ತಂತಿ ಹಗ್ಗ ಸಾಮಾನ್ಯವಾಗಿ ಹೇಳಿ ಹರಿಯುತ್ತದೆ.

ಅಮೆರಿಕದಲ್ಲಿ ಜಾನ್ ರೋಬ್ಲಿಂಗ್ 1841ರಲ್ಲಿ ತಂತಿ ಹಗ್ಗ ತಯಾರಿಕೆ ಆರಂಭಿಸಿದ. ಬೆಟ್ಟ ಹತ್ತುವ ರೈಲುಬಂಡಿಗಳನ್ನು ಎಳೆಯಲು, ತೂಗುಸೇತುವೆ ಕಟ್ಟಲು ಅದು ಬಳಕೆಯಾಯಿತು. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದ ಕಾರ್ಮಿಕರ ಜೀವ ತೂಗುತ್ತಿದ್ದುದೂ ಇಂಥ ಹಗ್ಗದ ಮೇಲೆಯೇ. ಆ ಗಣಿ 2001ರಲ್ಲಿ ಮುಚ್ಚಿತು. ಆದರೆ ಗಣಿಗಳ ಶಿಸ್ತು ಉಳಿದಿದೆ: ಹಗ್ಗವನ್ನು ಪ್ರತಿದಿನ ನೋಡಬೇಕು, ಗೊತ್ತಾದ ಅವಧಿಗೊಮ್ಮೆ ಅದರ ತುದಿ ಕತ್ತರಿಸಿ ಒಳಗಿನ ತಂತಿಗಳನ್ನು ಪರೀಕ್ಷಿಸಬೇಕು.

ಜೀಪಿಗೆ ಬಂದದ್ದು

ವಾಹನಗಳ ಮೇಲೆ ವಿಂಚ್ ಹೆಚ್ಚಾಗಿ ಕಾಣಿಸಿಕೊಂಡದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಸೇನಾ ಟ್ರಕ್ಕುಗಳ ಮುಂಭಾಗದಲ್ಲಿ ಎಂಜಿನ್ನಿನ ಬಲದಿಂದಲೇ ತಿರುಗುವ ವಿಂಚ್‌ಗಳಿದ್ದವು. ಅವುಗಳಲ್ಲಿ ಮೆತ್ತನೆಯ ಲೋಹದ ಒಂದು ಪಿನ್ ಇರುತ್ತಿತ್ತು. ಭಾರ ಮಿತಿ ಮೀರಿದರೆ ಪಿನ್ ಮುರಿದು ಎಳೆತ ನಿಲ್ಲಬೇಕು ಎಂಬುದು ಲೆಕ್ಕಾಚಾರ. ಪದೇ ಪದೇ ಮುರಿಯುತ್ತದೆಂದು ಬೇಸತ್ತು ಗಟ್ಟಿ ಬೋಲ್ಟ್ ಹಾಕಿದರೆ, ಮುಂದೆ ಮುರಿಯುವುದು ಗೇರು ಇಲ್ಲವೇ ಹಗ್ಗ.

ಯುದ್ಧ ಮುಗಿದ ಮೇಲೆ ಸೇನೆಯ ಜೀಪುಗಳು ಅಗ್ಗದ ಬೆಲೆಗೆ ರೈತರ, ಬೇಟೆಗಾರರ ಕೈಸೇರಿದವು. 1948ರಲ್ಲಿ ಆರ್ಥರ್ ವಾರ್ನ್ ಎಂಬಾತ ಇಂಥ ಜೀಪುಗಳಿಗೆ ಬಿಡಿಭಾಗ ತಯಾರಿಸುವ ಕಂಪನಿ ಆರಂಭಿಸಿದ. 1959ರಲ್ಲಿ ಅದು ಬ್ಯಾಟರಿಯಿಂದ ನಡೆಯುವ ವಿಂಚನ್ನು ಜನಸಾಮಾನ್ಯರ ವಾಹನಗಳಿಗೆ ಒದಗಿಸಿತು. 1974ರಲ್ಲಿ ಬಂದ ಅದರ 8274 ಮಾದರಿ 8,000 ಪೌಂಡ್, ಅಂದರೆ ಸುಮಾರು 3,600 ಕಿಲೋ ಎಳೆಯುವಂಥದ್ದು. ಹೀಗೆ ಗಣಿಯ ಯಂತ್ರ ಬಂಪರಿನ ಮೇಲೆ ಕುಳಿತಿತು. ಗಣಿಯ ಶಿಸ್ತು ಮಾತ್ರ ಎಲ್ಲ ಕಡೆ ಅದರೊಂದಿಗೆ ಬರಲಿಲ್ಲ.

ಎಲ್ಲಿ ಕೈಕೊಡುತ್ತದೆ?

ವಿಂಚ್ ಕೆಲಸ ಮಾಡದಿದ್ದಾಗ ಮೊದಲು ಬೈಸಿಕೊಳ್ಳುವುದು ಮೋಟಾರು. ನಿಜವಾದ ದೋಷ ಅನೇಕ ಸಲ ಅದಕ್ಕೂ ಮುಂಚೆಯೇ ಇರುತ್ತದೆ. ಪೂರ್ತಿ ಭಾರದಲ್ಲಿ ವಿಂಚ್ ನಾನೂರು ಆಂಪಿಯರ್‌ವರೆಗೂ ವಿದ್ಯುತ್ತು ಬಯಸಬಹುದು. ಎಂಜಿನ್ನು ಉತ್ಪಾದಿಸುವುದು ಅದರ ಒಂದು ಪಾಲನ್ನಷ್ಟೇ. ಉಳಿದದ್ದೆಲ್ಲ ಬ್ಯಾಟರಿಯಿಂದ ಬರಬೇಕು. ಆದ್ದರಿಂದ ಸೊರಗಿದ ಬ್ಯಾಟರಿ, ಕಿಲುಬು ಹಿಡಿದ ಟರ್ಮಿನಲ್, ಸಡಿಲವಾದ ಅರ್ತಿಂಗ್ ತಂತಿಗಳನ್ನೇ ಮೊದಲು ನೋಡಬೇಕು. ಗುಂಡಿ ಒತ್ತಿದಾಗ ಬರೀ ‘ಟಕ್’ ಎಂಬ ಸದ್ದು ಬಂದು ಉರುಳೆ ತಿರುಗದಿದ್ದರೆ, ಬ್ಯಾಟರಿಯ ನಂತರ ಅನುಮಾನಿಸಬೇಕಾದದ್ದು ವಿದ್ಯುತ್ತನ್ನು ಹರಿಸುವ ಸಾಲಿನಾಯ್ಡ್ ಸ್ವಿಚ್ಚನ್ನು. ಮೋಟಾರು ತಿರುಗಿ ಉರುಳೆ ನಿಂತೇ ಇದ್ದರೆ ಕ್ಲಚ್ಚಿನ ಹಿಡಿ ಸರಿಯಾಗಿ ಕೂತಿಲ್ಲ. ಎಳೆದ ಭಾರ ಜಾರುತ್ತಿದ್ದರೆ ಬ್ರೇಕು ಸವೆದಿದೆ. ಅಂಥ ವಿಂಚನ್ನು ಬಳಸಲೇಬಾರದು. ಎಡೆಬಿಡದೆ ಎಳೆದರೆ ಮೋಟಾರು ಸುಟ್ಟುಹೋಗುತ್ತದೆ, ಆದ್ದರಿಂದ ನಡುನಡುವೆ ವಿರಾಮ ಬೇಕು. ಹೊಳೆ ದಾಟಿ ಬಂದ ಮೇಲೆ ಮೋಟಾರು, ಗೇರುಗಳಲ್ಲಿ ನೀರು ನಿಂತಿದೆಯೇ ಎಂದು ನೋಡಬೇಕು. ವಾಹನ ಹೂಳದಿದ್ದರೂ ಆಗೀಗ ವಿಂಚನ್ನು ಓಡಿಸುತ್ತಿರುವುದು ಒಳ್ಳೆಯದು.

ಉರುಳೆಯ ಲೆಕ್ಕವೂ ಗೊತ್ತಿರಬೇಕು. ಕಂಪನಿ ಹೇಳುವ ಬಲ ಸಿಗುವುದು ಉರುಳೆಗೆ ತಾಗಿದ ಮೊದಲ ಸುತ್ತಿನಲ್ಲಿ. ಸುತ್ತಿನ ಮೇಲೆ ಸುತ್ತು ಏರಿದಂತೆ ಬಲ ಕುಗ್ಗುತ್ತದೆ. ನಾಲ್ಕನೇ ಪದರಕ್ಕೆ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಬಹುದು. ಹಾಗೆಂದು ಹಗ್ಗವನ್ನು ಪೂರ್ತಿ ಬಿಚ್ಚಿಬಿಡುವಂತಿಲ್ಲ. ಕೆಲವು ಸುತ್ತುಗಳು ಉರುಳೆಯಲ್ಲೇ ಉಳಿದಿದ್ದರೆ ಮಾತ್ರ ಹಿಡಿತ. ಹೆಚ್ಚು ಬಲ ಬೇಕಾದರೆ ಮರಕ್ಕೆ ಕಪ್ಪಿ ಕಟ್ಟಿ, ಅದರ ಮೂಲಕ ಹಗ್ಗವನ್ನು ಮರಳಿ ಗಾಡಿಗೇ ತಂದು ಸಿಕ್ಕಿಸಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ವೇಗ ಅರ್ಧವಾಗುತ್ತದೆ.

ಉಳಿದದ್ದೆಲ್ಲ ಹಗ್ಗದ ಮಾತು. ಕಡಿದ ತಂತಿಗಳು, ಒಮ್ಮೆ ಗಂಟು ಬಿದ್ದು ನೇರವಾದ ಜಾಗ, ಚಪ್ಪಟೆಯಾದ ಭಾಗ, ಒಳಗಿನಿಂದ ಇಣುಕುವ ತುಕ್ಕು, ಅಲ್ಲಲ್ಲಿ ತೆಳುವಾದ ದಪ್ಪ. ಇವೆಲ್ಲ ಹಗ್ಗ ಬದಲಿಸಬೇಕೆಂಬ ಸೂಚನೆಗಳು. ಕೆಲಸ ಮುಗಿದ ಮೇಲೆ ಹಗ್ಗವನ್ನು ಸಡಿಲವಾಗಿ ಸುತ್ತಿದರೆ ಮುಂದಿನ ಎಳೆತದಲ್ಲಿ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಆದ್ದರಿಂದ ಹಗುರ ಭಾರದಲ್ಲಿ, ಸಾಲಾಗಿ ಸುತ್ತಬೇಕು. ಎಳೆಯುವಾಗ ಹಗ್ಗದ ನಡುವೆ ದಪ್ಪ ಕಂಬಳಿ ಹಾಕಿದರೆ, ಹರಿದರೂ ಅದರ ಹಾರಾಟ ತಗ್ಗುತ್ತದೆ. ಬಿಗಿದ ಹಗ್ಗವನ್ನು ದಾಟುವುದು ಎಂದೂ ಸಲ್ಲದು.

ಹೊಸ ಹಗ್ಗ, ಹಳೆಯ ಪಾಠ

ಈಚಿನ ವರ್ಷಗಳಲ್ಲಿ ಡೈನೀಮಾದಂಥ ಕೃತಕ ನೂಲಿನ ಹಗ್ಗಗಳು ಬಂದಿವೆ. ತೂಕಕ್ಕೆ ತೂಕ ಹೋಲಿಸಿದರೆ ಇವು ಉಕ್ಕಿಗಿಂತ ಬಹಳ ಬಲಶಾಲಿ, ನೀರಿನಲ್ಲಿ ತೇಲುತ್ತವೆ, ಹರಿದಾಗಿನ ಹೊಡೆತವೂ ಕಡಿಮೆ. ಆದರೆ ಬಿಸಿಲು, ಮರಳು, ಚೂಪುಕಲ್ಲು ಇವುಗಳಿಗೆ ವೈರಿಗಳು. ಬ್ರೇಕು ಉರುಳೆಯ ಒಳಗೇ ಇರುವ ವಿಂಚ್‌ಗಳಲ್ಲಿ ಅದರ ಶಾಖವೂ ವೈರಿಯೇ. ಈ ನೂಲು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಇದು ಹೇಳುವ ಭಾಷೆಯೂ ಬೇರೆ. ತಂತಿಯ ಮುಳ್ಳಿನ ಬದಲು ಇಲ್ಲಿ ಎಳೆಗಳು ಕಡಿದು ನೂಲೆದ್ದಿರುತ್ತವೆ. ಬಿಸಿ ತಗುಲಿದ ಕಡೆ ಹಗ್ಗ ಹೊಳಪೇರಿ ಗಡುಸಾಗಿರುತ್ತದೆ.

ಕ್ಲಾಸ್ತಾಲಿನ ಗಣಿ ಅಧಿಕಾರಿ ಹರಿಯದ ಹಗ್ಗವನ್ನೇನೂ ಕಂಡುಹಿಡಿಯಲಿಲ್ಲ. ಅಂಥ ಹಗ್ಗ ಇಂದಿಗೂ ಇಲ್ಲ. ಅವನು ಕೊಟ್ಟದ್ದು ಸೋಲುವ ಮೊದಲು ಸುಳಿವು ಕೊಡುವ ಹಗ್ಗ. ಆ ಸುಳಿವು ಕಾಣಬೇಕಾದರೆ ಹಗ್ಗವನ್ನು ಮೊದಲೇ ಬಿಚ್ಚಿ, ಕೈಗೆ ಚರ್ಮದ ಗವಸು ತೊಟ್ಟು, ಗೇಣುಗೇಣಾಗಿ ನೋಡಬೇಕು. ಅದಕ್ಕೆ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಸಿಗುವುದು ಮನೆಯಂಗಳದಲ್ಲಿ. ಕತ್ತಲಾಗುತ್ತಿರುವಾಗ, ಕೆಸರಿನಲ್ಲಿ ಗಾಡಿ ಹೂತ ಮೇಲೆ ಅಲ್ಲ.