ಕಲಬುರಗಿಯ ಕಲ್ಲು, ಕ್ಲೇರ್ ಆರ್ನಿಯ ಕಣ್ಣು: ದಖನಿನ ಛಾಯಾಗ್ರಹಣ ಚರಿತ್ರೆಯ ಒಂದು ಎಳೆ

ಕಲಬುರಗಿಯ ಐವಾನ್-ಎ-ಶಾಹಿ ಅತಿಥಿಗೃಹವನ್ನು ಕಟ್ಟಿಸಿದ್ದು ನಿಜಾಮರು ಬಂದಾಗ ತಂಗಲೆಂದು. ಅವರ ಕಾಲದಲ್ಲಿ ಈ ಸೀಮೆಯ ಛಾಯಾಚಿತ್ರವೆಂದರೆ ಬಹುಮಟ್ಟಿಗೆ ದರ್ಬಾರಿನದ್ದು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಅರಮನೆ, ಶಿಕಾರಿ, ಕವಾಯತುಗಳನ್ನು ಗಾಜಿನ ಪ್ಲೇಟುಗಳಲ್ಲಿ ಹಿಡಿದರು. ಅದಕ್ಕೂ ಮೊದಲು, 1855ರಲ್ಲಿ, ಕಂಪನಿ ಸರ್ಕಾರ ಬಿಜಾಪುರ ಮೊದಲಾದೆಡೆಯ ಕಟ್ಟಡಗಳ ಚಿತ್ರ ತೆಗೆಯಲು ಫಿರಂಗಿದಳದ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ನೇಮಿಸಿತ್ತು. ಒಂದು ಅರಸರ ವೈಭವ ತೋರಿಸಲು, ಇನ್ನೊಂದು ಸರ್ಕಾರದ ದಾಖಲೆಗೆ. ಅಲ್ಲಿ ವಾಸವಿದ್ದವರ ಪಾಡು ಎರಡಕ್ಕೂ ಮುಖ್ಯ ವಿಷಯವಾಗಿರಲಿಲ್ಲ.

1892ರಲ್ಲಿ ದೀನ್ ದಯಾಳ್ ಹೈದರಾಬಾದಿನಲ್ಲಿ ಗೋಷಾ ಹೆಂಗಸರಿಗಾಗಿ ಜನಾನಾ ಸ್ಟುಡಿಯೊ ತೆರೆದರು. ಅದನ್ನು ನೋಡಿಕೊಂಡವರು ಮಿಸೆಸ್ ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ಹೊರದೇಶದಿಂದ ಬಂದ ಹೆಣ್ಣೊಬ್ಬಳು ನಿಜಾಮ ಸೀಮೆಯಲ್ಲಿ ಕ್ಯಾಮೆರಾ ಹಿಂದೆ ನಿಂತ ಈ ಪ್ರಸಂಗ ನಮ್ಮ ಚರಿತ್ರೆಗಳಲ್ಲಿ ಒಂದು ಸಾಲಿಗೇ ಮುಗಿಯುತ್ತದೆ. ಇದು ಅನ್ಯಾಯವೆಂದೇ ನನ್ನ ಭಾವನೆ.

ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಬದುಕಿನ ಬಹುಪಾಲು ಭಾರತದಲ್ಲೇ ಕಳೆದು, ಬೆಂಗಳೂರನ್ನು ನೆಲೆಯಾಗಿಸಿಕೊಂಡ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರ ಕೆಲಸವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕಾವೇರಿ ತೀರದ ಚಾರಿತ್ರಿಕ ನೆಲೆಗಳ ಕುರಿತು ಜಾರ್ಜ್ ಮಿಚೆಲ್ ಸಂಪಾದಿಸಿದ ‘ಎಟರ್ನಲ್ ಕಾವೇರಿ’ (1999) ಗ್ರಂಥದಲ್ಲಿ ಅವರ ಚಿತ್ರಗಳಿವೆ. ಹೆಲೆನ್ ಫಿಲೋನ್ ಸಂಪಾದಕತ್ವದಲ್ಲಿ 2010ರಲ್ಲಿ ಮಾರ್ಗ್ ಪ್ರಕಟಿಸಿದ ‘ಸೈಲೆಂಟ್ ಸ್ಪ್ಲೆಂಡರ್’ ದಖನಿನ ಅರಮನೆಗಳದ್ದು. ಅದರ ಚಿತ್ರಗಳೂ ಆರ್ನಿಯವರವೇ; ಅವರ ಕ್ಯಾಮೆರಾ ಕಲಬುರಗಿ ಭಾಗವನ್ನೂ ಕಂಡಿದೆ.

ಇಲ್ಲಿಯ ಕಟ್ಟಡಗಳು ಛಾಯಾಗ್ರಾಹಕರಿಗೆ ಸುಲಭವಾಗಿ ಒಲಿಯುವುದಿಲ್ಲ. ಕೋಟೆಯೊಳಗಿನ ಜಾಮಿ ಮಸೀದಿಯನ್ನೇ (1367) ತೆಗೆದುಕೊಳ್ಳಿ. ಬಯಲು ಅಂಗಳವಿಲ್ಲ, ಇಡೀ ಮಸೀದಿಗೇ ಮಾಳಿಗೆ. ಪಕ್ಕದ ಓಣಿಗಳಲ್ಲಿ ಗಿಡ್ಡ ಬುಡದಿಂದ ಎದ್ದ ಅಗಲವಾದ ಕಮಾನುಗಳು. ಕಮಾನಿನ ಬಾಯಲ್ಲಿ ನಮ್ಮ ಕಲಬುರಗಿಯ ಕಣ್ಣು ಕುಕ್ಕುವ ಬಿಸಿಲು, ನಾಲ್ಕು ಹೆಜ್ಜೆ ಒಳಗೆ ಕತ್ತಲು. ಎರಡೂ ಒಂದೇ ಚೌಕಟ್ಟಿನಲ್ಲಿ ನಿಲ್ಲಬೇಕಾದರೆ ಹೊತ್ತು ಇಳಿಯುವವರೆಗೆ ಕಾಯಬೇಕು. ಫಿರೋಜ್ ಶಾ ಬಹಮನಿ ಭೀಮಾ ದಂಡೆಯಲ್ಲಿ ಕಟ್ಟಿಸಿದ ಫಿರೋಜಾಬಾದಿನದ್ದು ಬೇರೆ ಕಷ್ಟ: ಕೋಟೆಗೋಡೆಯ ಒಳಗೇ ಹೊಲಗಳು. ಬೆಳೆಯನ್ನು ಬದಿಗೆ ಸರಿಸಿ ಗೋಡೆಯನ್ನಷ್ಟೇ ತೋರಿಸಿದರೆ ಸ್ಥಳದ ಅರ್ಧ ಸತ್ಯ ಹೋಯಿತು.

ಆರ್ನಿ ಸ್ಮಾರಕಗಳಲ್ಲೇ ನಿಲ್ಲಲಿಲ್ಲ. ನಗರಗಳಲ್ಲಿ ಕಣ್ಮರೆಯಾಗುತ್ತಿರುವ ಕಸುಬುಗಳ ಕುರಿತ ಅವರ ಸರಣಿಯಲ್ಲಿ ಕಸುಬುದಾರರು ತಮ್ಮ ತಮ್ಮ ಜಾಗದಲ್ಲೇ ಇದ್ದಾರೆ. ಅರಮನೆಯ ಚಿತ್ರಗಳನ್ನೂ ಈ ಸರಣಿಯನ್ನೂ ಒಟ್ಟಿಗೆ ಓದಬೇಕೆಂಬುದೇ ನನ್ನ ವಾದ. ಆಳಿದವರ ಕಟ್ಟಡಕ್ಕೂ ದುಡಿಯುವವರ ಅಂಗಡಿಗೂ ಸಲ್ಲುವ ಗಮನ ಒಂದೇ ಮಟ್ಟದ್ದು. ದರ್ಬಾರಿನ ಛಾಯಾಗ್ರಹಣದಲ್ಲಿ ಅದಕ್ಕೆ ಎಡೆಯಿರಲಿಲ್ಲ. ಹುಟ್ಟಿದ ದೇಶ ಬೇರೆಯಾದದ್ದಕ್ಕಿಂತ ಇಲ್ಲಿ ಬಹುಕಾಲ ನೆಲೆ ನಿಂತದ್ದೇ ಈ ನೋಟವನ್ನು ರೂಪಿಸಿದೆ ಎಂದು ನಾನು ತಿಳಿಯುತ್ತೇನೆ.

ಕಮಲಾಪುರ ತಾಲ್ಲೂಕಿನ ಹೊಳಕುಂದಾದ ಬಹಮನಿ ಗೋರಿಗಳಿಗೂ ಇಂಥ ಗಮನ ಬೇಕು. ಬಹಮನಿ ಕಾಲದ ಗುಮ್ಮಟಗಳಲ್ಲೇ ಇರುವ ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬಿಗ್ಸ್‌ನಿಂದ ಆರ್ನಿಯವರೆಗಿನ ದಖನಿನ ಚಿತ್ರಗಳ ಪ್ರತಿಗಳನ್ನು ತಾರೀಖು, ಸ್ಥಳ, ತೆಗೆದವರ ಹೆಸರಿನೊಡನೆ ಒಂದೆಡೆ ಇಟ್ಟರೆ, ಯಾವ ಗೋಡೆ ಯಾವಾಗ ಬಿತ್ತು, ಯಾವ ಕಮಾನು ಯಾವಾಗ ಮುಚ್ಚಿತು ಎಂಬುದನ್ನು ಈ ಊರಿನ ವಿದ್ಯಾರ್ಥಿಗಳೇ ಹೋಲಿಸಿ ಬರೆಯಬಹುದು.