ಹಿಮ್ಮಡಿ ಮೂಳೆಗೆ ಪ್ಲೇಟು, ಸ್ಕ್ರೂ ಬಂದ ಬಗೆ

ಎತ್ತರದಿಂದ ಜಾರಿದ ಕಟ್ಟಡ ಕಾರ್ಮಿಕನೊಬ್ಬ ಕಾಲೂರಿ ಬಿದ್ದನೆನ್ನಿ. ನೆಲದ ಹೊಡೆತ ಮೊದಲು ತಾಗುವುದು ಅವನ ಹಿಮ್ಮಡಿಗೆ. ಅಲ್ಲಿರುವ ಕ್ಯಾಲ್ಕೇನಿಯಸ್, ಪಾದದ ಮೂಳೆಗಳಲ್ಲೆಲ್ಲ ದೊಡ್ಡದು. ಆದರೆ ಅದರ ಹೊರಪದರ ತೆಳು. ಒಳಗಿರುವುದು ಸ್ಪಂಜಿನಂಥ ಮೂಳೆ. ಮೇಲಿನ ಟೇಲಸ್ ಮೂಳೆ ಬೆಣೆಯಂತೆ ಇಳಿದು ಅದನ್ನು ಸೀಳುತ್ತದೆ. ಕೀಲಿನ ಮೇಲ್ಮೈ ಕುಸಿಯುತ್ತದೆ. ಕುಸಿದುದನ್ನು ಎತ್ತಿ ನಿಲ್ಲಿಸುವುದು ಹೇಗೆ?

ಮೊದಲು ಕುಸಿತವನ್ನು ಅಳೆಯಬೇಕಿತ್ತು. ಪಾದದ ಪಕ್ಕನೋಟದ ಎಕ್ಸ್-ಕಿರಣ ಚಿತ್ರದಲ್ಲಿ ಮೂಳೆಯ ಮೇಲಂಚಿಗೆ ಎರಡು ರೇಖೆ ಎಳೆದು, ಅವುಗಳ ನಡುವಿನ ಕೋನ ನೋಡುವ ಕ್ರಮವನ್ನು 1931ರಲ್ಲಿ ವಿಯೆನ್ನಾದ ವೈದ್ಯ ಲೊರೆನ್ಸ್ ಬೋಲರ್ ವಿವರಿಸಿದರು. ಆರೋಗ್ಯವಂತರಲ್ಲಿ ಈ ಕೋನ ಸುಮಾರು 20ರಿಂದ 40 ಡಿಗ್ರಿ. ಮೂಳೆ ಕುಸಿದರೆ ಅದು ತಗ್ಗುತ್ತದೆ. ಕೆಲವೊಮ್ಮೆ ಸೊನ್ನೆಗಿಂತಲೂ ಕೆಳಗಿಳಿಯುತ್ತದೆ. 1948ರಲ್ಲಿ ಸ್ವೀಡನ್ನಿನ ಐವಾರ್ ಪಾಮರ್, ಕುಸಿದ ಮೇಲ್ಮೈಯನ್ನು ಶಸ್ತ್ರಚಿಕಿತ್ಸೆಯಿಂದ ಎತ್ತಿ, ಕೆಳಗಿನ ಪೊಳ್ಳಿಗೆ ಮೂಳೆಯ ತುಂಡು ತುಂಬಿದ ವಿಧಾನವನ್ನು ಪ್ರಕಟಿಸಿದರು.

ಎತ್ತಿದ್ದು ಮತ್ತೆ ಇಳಿಯಬಾರದಲ್ಲ! ಅದಕ್ಕೆ ಹೊರಬದಿಗೆ ಲೋಹದ ಪ್ಲೇಟು ಇಟ್ಟು ಸ್ಕ್ರೂ ಬಿಗಿಯುವ ಪದ್ಧತಿ ಮುಂದಿನ ದಶಕಗಳಲ್ಲಿ ಬಳಕೆಗೆ ಬಂತು. 1993ರಲ್ಲಿ ರಾಯ್ ಸ್ಯಾಂಡರ್ಸ್ ಮತ್ತು ಸಂಗಡಿಗರು ಸಿ.ಟಿ. ಚಿತ್ರಗಳ ಆಧಾರದಿಂದ ಈ ಮುರಿತಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಎಷ್ಟು ಚೂರುಗಳನ್ನು ಹಿಡಿದು ನಿಲ್ಲಿಸಬೇಕೆಂಬುದು ಮೊದಲೇ ತಿಳಿಯುವಂತಾಯಿತು.

ಇಲ್ಲಿ ನಿಮ್ಮ ಭೌತಶಾಸ್ತ್ರದ ಪಾಠ ನೆನಪಿಸಿಕೊಳ್ಳಿ. ಸಾಮಾನ್ಯ ಸ್ಕ್ರೂ ಪ್ಲೇಟನ್ನು ಮೂಳೆಗೆ ಒತ್ತುತ್ತದೆ. ಪ್ಲೇಟು ಜಾರದಂತೆ ತಡೆಯುವುದು ಘರ್ಷಣೆ. ಒತ್ತುವ ಬಲ ತಗ್ಗಿದರೆ ಘರ್ಷಣೆಯೂ ತಗ್ಗುತ್ತದೆ. ಸ್ಪಂಜಿನಂಥ ಮೂಳೆಯಲ್ಲಿ ಸ್ಕ್ರೂ, ಮಣ್ಣುಗೋಡೆಗೆ ಹೊಡೆದ ಮೊಳೆಯಂತೆ ಸಡಿಲವಾಗಬಹುದು. ಆದ್ದರಿಂದ ವೈದ್ಯರು ಮೂಳೆಯ ಒಳಬದಿಯಲ್ಲಿರುವ ಗಟ್ಟಿಯಾದ ಚಾಚುಭಾಗಕ್ಕೆ ಗುರಿಯಿಟ್ಟು ಸ್ಕ್ರೂ ಹಾಕುತ್ತಾರೆ. ಈ ಶತಮಾನದ ಆರಂಭದಲ್ಲಿ ಹರಡಿದ ಲಾಕಿಂಗ್ ಪ್ಲೇಟಿನದು ಬೇರೆ ಉಪಾಯ. ಅದರ ರಂಧ್ರಗಳಲ್ಲೂ ಸ್ಕ್ರೂವಿನ ತಲೆಯಲ್ಲೂ ಥ್ರೆಡ್ ಇರುತ್ತದೆ. ಬಿಗಿದಾಗ ಎರಡೂ ಕೂಡಿಕೊಂಡು ಒಂದೇ ಚೌಕಟ್ಟಾಗುತ್ತವೆ. ಭಾರ ಹೊರಲು ಘರ್ಷಣೆಯನ್ನು ನಂಬಬೇಕಿಲ್ಲ.

ಹಾಗಾದರೆ ಸಮಸ್ಯೆ ಬಗೆಹರಿಯಿತೆ? ಬ್ರಿಟನ್ನಿನಲ್ಲಿ 151 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಪಾದದ ಆಕಾರ ತೀರ ಕೆಟ್ಟಿದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ. ಎರಡು ವರ್ಷಗಳ ನಂತರ ನೋವು, ಓಡಾಟಗಳಲ್ಲಿ ಪ್ಲೇಟು ಹಾಕಿಸಿಕೊಂಡವರಿಗೂ ಶಸ್ತ್ರಚಿಕಿತ್ಸೆ ಇಲ್ಲದವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ತೊಡಕುಗಳು ಮಾತ್ರ ಶಸ್ತ್ರಚಿಕಿತ್ಸೆಯಾದವರಲ್ಲೇ ಹೆಚ್ಚು. ಹಿಮ್ಮಡಿಯ ಹೊರಬದಿಯಲ್ಲಿ ಮೂಳೆಯ ಮೇಲಿರುವ ಹೊದಿಕೆ ತೆಳುವಾದದ್ದು. ಉದ್ದವಾಗಿ ಕೊಯ್ದ ಗಾಯ ಮಾಯಲು ತಡವಾಗಬಹುದು, ಸೋಂಕೂ ತಗಲಬಹುದು. ಹೀಗಾಗಿ ಚಿಕ್ಕ ಗಾಯದ ಮೂಲಕ ಮೂಳೆ ಕೂಡಿಸುವ ವಿಧಾನಗಳತ್ತ ಒಲವು ಹೆಚ್ಚಿದೆ.

ಪ್ರಯೋಗಾಲಯದ ಯಂತ್ರ ಪ್ಲೇಟಿನ ಬಲವನ್ನು ಅಳೆಯಬಲ್ಲದು. ಬಿದ್ದ ಕಾರ್ಮಿಕ ಮತ್ತೆ ಏಣಿ ಹತ್ತಬಲ್ಲನೆ ಎಂಬುದನ್ನು ಅವನ ಹಿಂದೆ ವರ್ಷಗಟ್ಟಲೆ ನಡೆದೇ ತಿಳಿಯಬೇಕು.