ವೇಗವರ್ಧಿತ ಗಣಿತ ಶಿಕ್ಷಣ

ವೇಗವರ್ಧಿತ ಗಣಿತ ಶಿಕ್ಷಣವು ಗಣಿತದಲ್ಲಿ ವಿಶೇಷ ಪ್ರತಿಭೆಯುಳ್ಳ ಶಾಲಾ ವಿದ್ಯಾರ್ಥಿಗಳಿಗೆ ಅವರ ತರಗತಿಯ ಪಠ್ಯಕ್ಕಿಂತ ಮುಂದಿನ ವಿಷಯಗಳನ್ನು ಬೇಗನೆ ಕಲಿಸುವ ವ್ಯವಸ್ಥೆಯಾಗಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಅಧ್ಯಯನವು ಇದಕ್ಕೆ ಪ್ರಸಿದ್ಧಿ ತಂದಿತು. ಹುಬ್ಬಳ್ಳಿ-ಧಾರವಾಡವೂ ಸೇರಿದಂತೆ ಕರ್ನಾಟಕದಲ್ಲಿ ಇಂತಹ ವಿದ್ಯಾರ್ಥಿಗಳಿಗೆ ಇರುವ ಪ್ರಮುಖ ಮಾರ್ಗ ಗಣಿತ ಒಲಿಂಪಿಯಾಡ್.

ವೇಗವರ್ಧನೆ ಮತ್ತು ಸಂವರ್ಧನೆ

ಪ್ರತಿಭಾನ್ವಿತರ ಶಿಕ್ಷಣದಲ್ಲಿ ಎರಡು ಕ್ರಮಗಳಿವೆ. ಪಿಯುಸಿಯ ಕಲನಶಾಸ್ತ್ರವನ್ನು 8ನೇ ತರಗತಿಯಲ್ಲೇ ಕಲಿಯುವುದು ವೇಗವರ್ಧನೆ. ತಿಳಿದಿರುವ ಗಣಿತವನ್ನೇ ಆಳವಾಗಿ ಶೋಧಿಸುವುದು ಸಂವರ್ಧನೆ. ಉದಾಹರಣೆಗೆ, 7ರ 100ನೇ ಘಾತದ ಕೊನೆಯ ಅಂಕಿಯನ್ನು ಕಂಡುಹಿಡಿಯಲು ಗುಣಾಕಾರವಷ್ಟೇ ಸಾಕು. 7ರ ಘಾತಗಳ ಕೊನೆಯ ಅಂಕಿಗಳು 7, 9, 3, 1 ಎಂದು ಪುನರಾವರ್ತನೆಯಾಗುತ್ತವೆ. 100 ಎಂಬುದು 4ರಿಂದ ಭಾಗವಾಗುವುದರಿಂದ ಉತ್ತರ 1. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿಭಾನ್ವಿತರಿಗೆ ಪೂರಕ ಕಲಿಕಾ ಸಾಮಗ್ರಿ, ವಿಷಯಾಧಾರಿತ ಕೂಟಗಳು ಹಾಗೂ ಒಲಿಂಪಿಯಾಡ್‌ಗಳನ್ನು ಶಿಫಾರಸು ಮಾಡಿದೆ.

ಗಣಿತ ಒಲಿಂಪಿಯಾಡ್

ಭಾರತವು 1989ರಿಂದ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಭಾಗವಹಿಸುತ್ತಿದೆ. ಮೊದಲಿಗೆ ಅರ್ಹತಾ ಪರೀಕ್ಷೆ, ನಂತರ ಪ್ರಾದೇಶಿಕ ಮತ್ತು ರಾಷ್ಟ್ರೀಯ ಹಂತಗಳು, ಕೊನೆಗೆ ತರಬೇತಿ ಶಿಬಿರದ ಮೂಲಕ 6 ಮಂದಿಯ ತಂಡದ ಆಯ್ಕೆ ನಡೆಯುತ್ತದೆ. ಬೀಜಗಣಿತ, ರೇಖಾಗಣಿತ, ಸಂಖ್ಯಾಸಿದ್ಧಾಂತ ಮತ್ತು ಎಣಿಕೆಯ ವಿಧಾನಗಳು ಇದರ ಮುಖ್ಯ ವಿಷಯಗಳು, ಕಲನಶಾಸ್ತ್ರದ ಅಗತ್ಯವಿಲ್ಲ. ಪ್ರಾದೇಶಿಕ ಹಂತದಿಂದ ಕೇವಲ ಉತ್ತರವಲ್ಲ, ಪೂರ್ಣ ಸಾಧನೆಯನ್ನೂ ಬರೆಯಬೇಕು. ರಾಷ್ಟ್ರೀಯ ಹಂತದಲ್ಲಿ ಪುರಸ್ಕೃತರಾದವರಿಗೆ ಬೆಂಗಳೂರಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಗಣಿತ ಪದವಿ ಪ್ರವೇಶದ ಲಿಖಿತ ಪರೀಕ್ಷೆಯಿಂದ ವಿನಾಯಿತಿ ದೊರೆಯುತ್ತಾ ಬಂದಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಒಲಿಂಪಿಯಾಡ್ ಘಟಕದ ಸಿ. ಆರ್. ಪ್ರಾಣೇಶಾಚಾರ್, ಬಿ. ಜೆ. ವೆಂಕಟಾಚಲ ಮತ್ತು ಸಿ. ಎಸ್. ಯೋಗಾನಂದ ಈ ತರಬೇತಿಗೆ ಮುಖ್ಯ ಕೊಡುಗೆ ನೀಡಿದ್ದಾರೆ. ಮೂವರೂ ಸೇರಿ ರಚಿಸಿದ 'ಪ್ರಾಬ್ಲಂ ಪ್ರೈಮರ್ ಫಾರ್ ದಿ ಒಲಿಂಪಿಯಾಡ್' ಸ್ಪರ್ಧಾರ್ಥಿಗಳಲ್ಲಿ ಜನಪ್ರಿಯವಾಗಿದೆ.

ಹುಬ್ಬಳ್ಳಿ-ಧಾರವಾಡ

ಅವಳಿ ನಗರದಲ್ಲಿ ಉನ್ನತ ಗಣಿತದ ಬೋಧನೆಗೆ ದೀರ್ಘ ಪರಂಪರೆಯಿದೆ. ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಯಿತು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ ಮತ್ತು 2016ರಲ್ಲಿ ಆರಂಭವಾದ ಐಐಟಿ ಕೂಡ ಇಲ್ಲಿವೆ. ಆದರೆ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಎಸ್‌ಎಸ್‌ಎಲ್‌ಸಿವರೆಗೆ ಎಲ್ಲರಿಗೂ ಒಂದೇ ಗಣಿತ ಪಠ್ಯ. ಅದನ್ನು ಬೇಗ ಮುಗಿಸಿದವರಿಗೂ ಕಲನಶಾಸ್ತ್ರ ಸಿಗುವುದು ಪಿಯುಸಿಯಲ್ಲೇ. ಒಲಿಂಪಿಯಾಡ್‌ನ ಪ್ರಮುಖ ಪುಸ್ತಕಗಳು ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಗಣಿತಕ್ಕಿಂತ ಮೊದಲು ಭಾಷೆಯ ತೊಡಕನ್ನು ದಾಟಬೇಕಾಗುತ್ತದೆ. ಹೀಗಾಗಿ ಪ್ರತಿಭೆಯನ್ನು ಗುರುತಿಸಿ, ಕಠಿಣ ಸಮಸ್ಯೆಗಳನ್ನು ಕನ್ನಡದಲ್ಲಿ ವಿವರಿಸಬಲ್ಲ ಶಾಲಾ ಶಿಕ್ಷಕರ ಪಾತ್ರ ನಿರ್ಣಾಯಕವಾಗಿದೆ.